ಹೆಡ್‌ಸೆಟ್ ಹಾಕಿಕೊಂಡ ಅಜ್ಜಿ ಕೇಳಿದ್ದು: ಶೌಚಾಲಯ ಎಲ್ಲಿದ್ದು?

ಶಿರಸಿಯಿಂದ ಯಾತ್ರೆ ಬಸ್ಸು ಹೊರಡಿಸೋದು ನನ್ನ ಕೆಲಸ. ಕಾಶಿ, ಕೇದಾರ, ಶ್ರವಣಬೆಳಗೊಳ, ಹತ್ತಿರದ್ದಾದರೆ ಗೋಕರ್ಣ, ಮುರ್ಡೇಶ್ವರ. ಬರುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಆಷಾಢದ ಮಳೆಗೆ ಬಸ್ಸು ನಿಂತೇ ಇರುತ್ತದೆ. ಅಂಥ ಒಂದು ಮಳೆಗಾಲದಲ್ಲಿ ವಿಆರ್ ಹೆಡ್‌ಸೆಟ್ ಕೊಂಡೆ. ಕಣ್ಣಿಗೆ ಕಟ್ಟಿಕೊಂಡರೆ ಆ ಜಾಗದಲ್ಲೇ ಇದ್ದ ಹಾಗೆ ಸುತ್ತಲೂ ವಿಡಿಯೊ ಕಾಣುತ್ತದೆ. ಮಂಡಿನೋವಿನಿಂದ ಯಾತ್ರೆ ಬಿಟ್ಟವರಿಗೆ ಮನೆಯಲ್ಲೇ ಕಾಶಿ ತೋರಿಸೋಣ ಅಂತ.

ಅದನ್ನು ಯಾತ್ರೆ ಅಂತ ಅವರು ಒಪ್ಪಲೇ ಇಲ್ಲ. ತೀರ್ಥ ಇಲ್ಲ, ಪ್ರಸಾದ ಇಲ್ಲ, ಗಂಗೆಯಲ್ಲಿ ಮುಳುಗು ಹಾಕಿದ್ದಿಲ್ಲ. "ನೋಡಿದಾಂಗೆ ಆತು ತಮಾ, ಹೋಗಿಬಂದಾಂಗೆ ಆಗ್ತಿಲ್ಲೆ" ಅಂದರು. ಸರಿಯಾದ ಮಾತೇ ಅಲ್ವಾ? ಆದರೆ ಹೆಡ್‌ಸೆಟ್ ಮೂಲೆ ಸೇರಲಿಲ್ಲ. ಅದಕ್ಕೆ ಬೇರೆ ಕೆಲಸ ಹುಡುಕಿದ್ದು ಅವರೇ. ದಶಾಶ್ವಮೇಧ ಘಾಟ್ ತೋರಿಸಿದಾಗ ಒಬ್ಬ ಅಜ್ಜಿ ಆರತಿ ಕಡೆ ತಿರುಗಿಯೂ ನೋಡಲಿಲ್ಲ. ತಲೆ ಬಗ್ಗಿಸಿ ಮೆಟ್ಟಿಲನ್ನೇ ನೋಡುತ್ತಾ ಕೂತರು. "ಹಿಡ್ಕಂಬಲೆ ಕಂಬಿ ಇದ್ದಾ? ಶೌಚಾಲಯ ಎಲ್ಲಿದ್ದು?" ಅಂತ ಕೇಳಿದರು. ಹೋಗುವ ಮೊದಲು ಜಾಗ ನೋಡಿಕೊಳ್ಳೋದು ಅವರಿಗೆ ಬೇಕಾಗಿತ್ತು.

ಕೇದಾರದ ವಿಷಯದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್ ಹತ್ತಬೇಕು ಅಂತ ಬಾಯಲ್ಲಿ ಹೇಳಿದರೆ "ಆಗ್ತು ಬಿಡು" ಅಂತಾರೆ. ದಾರಿ ಕಣ್ಣಾರೆ ಕಂಡ ಮೇಲೆ ಡೋಲಿಗೆ ಎಷ್ಟು ಅಂತ ವಿಚಾರಿಸ್ತಾರೆ. ಶ್ರವಣಬೆಳಗೊಳದಲ್ಲಿ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ. ನೋಡಿದವರು ಕೆಲವರು ಹೆಸರು ತೆಗೆಸಿ, ಮುರ್ಡೇಶ್ವರಕ್ಕೆ ಬರ್ತೇವೆ ಅಂದರು. ಅಲ್ಲಿ ಗೋಪುರಕ್ಕೆ ಲಿಫ್ಟ್ ಇದೆ. ಬುಕಿಂಗ್ ಹೋಯಿತು, ನಿಜ. ಆದರೆ ಅರ್ಧ ಬೆಟ್ಟದಲ್ಲಿ ಕೂತುಬಿಟ್ಟವರನ್ನು ಕರೆತರುವ ಪಾಡು ನನಗೆ ಗೊತ್ತು.

ಜನ ಹೊಸ ತಂತ್ರಜ್ಞಾನವನ್ನು ಒಪ್ಪೋದು ಎರಡು ವಿಷಯ ನೋಡಿ ಅಂತ 1989ರಲ್ಲಿ ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ ಬರೆದರು. ನನಗೆ ಇದರಿಂದ ಉಪಯೋಗ ಇದೆಯಾ, ಬಳಸೋಕೆ ಸುಲಭವಾ ಅಂತ. ವಯಸ್ಸಾದವರ ವಿಷಯ ಬಂದರೆ ನಾವೆಲ್ಲ ಎರಡನೆಯದಕ್ಕೇ ಜೋತು ಬೀಳ್ತೇವೆ: ಬಟನ್ ದೊಡ್ಡದು ಮಾಡು, ಅಕ್ಷರ ದೊಡ್ಡದು ಮಾಡು. ನಾನು ಕಂಡ ಹಾಗೆ ಮೊದಲನೆಯದೇ ಮುಖ್ಯ. ಕೆಲಸಕ್ಕೆ ಬರುತ್ತದೆ ಅಂತ ಕಂಡರೆ ಅರ್ಧ ಕಿಲೋ ಭಾರವನ್ನೂ ಮುಖದ ಮೇಲೆ ಹೊರುತ್ತಾರೆ.

ಹೊರೋಕೆ ಮೊದಲು ತಕರಾರು ಇದ್ದೇ ಇದೆ, ಆದರೆ ಅದು ಟೆಕ್ನಾಲಜಿಯ ತಕರಾರಲ್ಲ. ಹೆಡ್‌ಸೆಟ್ಟನ್ನು ತಲೆಯ ಹಿಂದೆ ಬಿಗಿಯುವ ಪಟ್ಟಿ ಸರಿಯಾಗಿ ತುರುಬಿನ ಮೇಲೇ ಕೂರುತ್ತದೆ. ಪಟ್ಟಿಯನ್ನು ತುರುಬಿನ ಕೆಳಗೆ ತಂದು, ಮೇಲಿನದನ್ನು ಸಡಿಲ ಮಾಡಬೇಕು. ಇನ್ನೊಬ್ಬರ ಬೆವರು ತಾಗಿದ್ದನ್ನು ಹಾಕಿಕೊಳ್ಳೋಕೆ ಮನಸ್ಸಾಗೋದಿಲ್ಲ, ಮಡಿಯವರಿಗಂತೂ ಇಲ್ಲವೇ ಇಲ್ಲ. ಹಳೇ ಪಂಚೆಯನ್ನು ಹರಿದು, ಕಣ್ಣಿನ ಜಾಗ ಕತ್ತರಿಸಿ, ಒಗೆದ ತುಂಡುಗಳನ್ನು ಇಟ್ಟುಕೊಂಡಿದ್ದೇನೆ. ಒಬ್ಬರಿಗೆ ಒಂದು ತುಂಡು. ಅವರ ಎದುರೇ ಹೊಸದು ತೆಗೆದು ಹಾಕಿದರೆ ಮುಖ ಸಡಿಲವಾಗುತ್ತದೆ. ಕನ್ನಡಕದ್ದೂ ಒಂದು ವಿಷಯ: ಒಳಗಿನ ಚಿತ್ರ ಕಣ್ಣಿಗೆ ಒಂದೆರಡು ಮೀಟರ್ ದೂರದಲ್ಲಿ ಇದ್ದ ಹಾಗೆ ಕೂರುತ್ತದೆ. ಹಾಗಾಗಿ ಪೇಪರ್ ಓದೋಕೆ ಮಾತ್ರ ಕನ್ನಡಕ ಹಾಕುವವರಿಗೆ ಅದು ಬೇಡ, ದೂರದ ನೋಟಕ್ಕೆ ಹಾಕುವವರಿಗೆ ಬೇಕು.

ಕೈಯಲ್ಲಿ ಕಂಟ್ರೋಲರ್ ಕೊಡೋದಿಲ್ಲ. ವಿಡಿಯೊ ನಾನೇ ಹಾಕ್ತೇನೆ. ಕೈಯಿರುವ ಗಟ್ಟಿ ಕುರ್ಚಿ ಬೇಕು, ಗುಂಡಗೆ ತಿರುಗುವ ಕುರ್ಚಿ ಬೇಡವೇ ಬೇಡ. ಘಾಟಿನ ಮೆಟ್ಟಿಲು ಕಂಡ ಕೂಡಲೇ ಕೆಲವರು ನಿಜಕ್ಕೂ ಕಾಲು ಮುಂದೆ ಚಾಚುತ್ತಾರೆ. ಕೆಳಗೆ ನೋಡಿದ ಒಬ್ಬ ಅಜ್ಜ "ಯನ್ನ ಕಾಲು ಎಲ್ಲಿ ಹೋತೋ?" ಅಂತ ಕೂಗಿದ್ದರು. 360 ಡಿಗ್ರಿ ವಿಡಿಯೊದಲ್ಲಿ ನಮ್ಮ ಮೈ ನಮಗೆ ಕಾಣೋದಿಲ್ಲ. ಅದನ್ನು ಮೊದಲೇ ಹೇಳಿಡಬೇಕು. ಹೆಗಲು ಮುಟ್ಟುವ ಮೊದಲೂ ಹೇಳಬೇಕು. ಅವರಿಗೆ ನಾವು ಕಾಣ್ತಾ ಇರೋದಿಲ್ಲ.

ತಲೆ ತಿರುಗೋದು ಕ್ಯಾಮರಾ ಚಲಿಸಿದಾಗ. ಕಣ್ಣು "ಹೋಗ್ತಾ ಇದ್ದೇನೆ" ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ "ಕೂತಿದ್ದೇನೆ" ಅನ್ನುತ್ತದೆ. ಅದಕ್ಕೆ ಡ್ರೋನ್ ವಿಡಿಯೊ ಎಷ್ಟೇ ಚೆಂದ ಇದ್ದರೂ ಹಾಕೋದಿಲ್ಲ. ಸ್ಟ್ಯಾಂಡಿನ ಮೇಲೆ ಕ್ಯಾಮರಾ ನಿಲ್ಲಿಸಿ ತೆಗೆದದ್ದು ಮಾತ್ರ, ಅದೂ ಐದಾರು ನಿಮಿಷ. ಪೇಸ್‌ಮೇಕರ್ ಇದ್ದವರಿಗೆ, ಫಿಟ್ಸ್ ಬರುವವರಿಗೆ ಹೆಡ್‌ಸೆಟ್ ಹಾಕೋದೇ ಇಲ್ಲ. ಅದೇ ವಿಡಿಯೊವನ್ನು ಟಿವಿಗೆ ಕೊಟ್ಟು ತೋರಿಸ್ತೇನೆ.

ಟಿವಿಗೆ ಕೊಡೋದು ಎಲ್ಲರಿಗೂ ಒಳ್ಳೆಯದು. ಹೆಡ್‌ಸೆಟ್ ಹಾಕಿದವರು ಒಬ್ಬರೇ ಆಗಿಬಿಡ್ತಾರೆ, ಸುತ್ತ ಕೂತವರಿಗೆ ಏನೂ ಗೊತ್ತಾಗೋದಿಲ್ಲ. ಟಿವಿಯಲ್ಲೂ ಬಂದರೆ ಮಾತು ಶುರುವಾಗುತ್ತದೆ: "ಬಲಗಡೆ ತಿರುಗೇ, ಅಲ್ಲೇ ನಾವು ಚಾ ಕುಡಿದದ್ದು." ಮೊದಲೇ ಹೋಗಿಬಂದ ಜಾಗ ತೋರಿಸಿದರೆ ಮಾತು ಇನ್ನೂ ಜಾಸ್ತಿ. ಜೋಯಿಡಾ ಕಡೆಯವರೊಬ್ಬರು ಸೂಪಾ ಪೇಟೆ ತೋರಿಸು ಅಂದರು. ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರನ್ನು ನಾನೆಲ್ಲಿಂದ ತರಲಿ?

ಈಗ ನಮ್ಮ ಸುತ್ತಿನ ಜಾಗಗಳನ್ನು ನಾನೇ ತೆಗೀತೇನೆ. ಕ್ಯಾಮರಾವನ್ನು ಕೂತವರ ಕಣ್ಣಿನ ಎತ್ತರಕ್ಕೆ ಇಡಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ತೇಲಿದ ಹಾಗೆ ಆಗುತ್ತದೆ. ಸಹಸ್ರಲಿಂಗವನ್ನು ಬೇಸಿಗೆಯಲ್ಲೇ ತೆಗೆದಿಟ್ಟೆ; ಮಳೆಗಾಲದಲ್ಲಿ ಶಾಲ್ಮಲೆ ತುಂಬಿದರೆ ಲಿಂಗಗಳು ನೀರಡಿ ಹೋಗ್ತವೆ. ನದಿಗೆ ಇಳಿಯುವ ಮೆಟ್ಟಿಲನ್ನು ಬೇರೆಯಾಗಿ ತೆಗೆದಿದ್ದೇನೆ. ದೇವಸ್ಥಾನಗಳಲ್ಲಿ ಗರ್ಭಗುಡಿಯ ಕಡೆ ಕ್ಯಾಮರಾ ತಿರುಗಿಸೋದಿಲ್ಲ. ವಿಡಿಯೊ ಎಲ್ಲ ಮೊದಲೇ ಹೆಡ್‌ಸೆಟ್‌ಗೆ ಇಳಿಸಿಕೊಂಡಿರ್ತೇನೆ, ಘಟ್ಟದ ಹಳ್ಳಿಗಳ ನೆಟ್‌ವರ್ಕ್ ನಂಬಿ ಕೂತರೆ ಆಯಿತು. ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಇಟ್ಟಿದ್ದೇನೆ. ಮುಂದಿನದು ಗೋಕರ್ಣದ ಕೋಟಿತೀರ್ಥ. ಬಸ್ಸು ನಿಲ್ಲುವ ಜಾಗದಿಂದ ನೀರಿನ ತನಕ ಪೂರ್ತಿ ತೆಗೀಬೇಕು, ನಡುವೆ ಸಿಗುವ ಶೌಚಾಲಯವನ್ನೂ ಸೇರಿಸಿ.