ಒಂದು ಹೊಳೆ, ನಾಲ್ಕು ಜನ, ಒಂದು ಮುಳುಗಿದ ಊರು: ಇಲ್ಲದ ಲೋಕ ಕಟ್ಟಿದ ನನ್ನ ಅನುಭವ

ಕಲ್ಪನೆಯ ಲೋಕ ಕಟ್ಟೋಕೆ ಹೊರಟವರು ಸಾಮಾನ್ಯವಾಗಿ ಮೊದಲು ನಕ್ಷೆ ಬರೆಯುತ್ತಾರೆ, ಇಲ್ಲವೇ ರಾಜವಂಶಗಳ ಪಟ್ಟಿ ಮಾಡುತ್ತಾರೆ. ನನ್ನ ಕಾದಂಬರಿಯ ಲೋಕವನ್ನು ನಾನು ನೀರಿನಿಂದ ಶುರು ಮಾಡಿದೆ. ಹೊಳೆ ಎಲ್ಲಿಂದ ಬರುತ್ತದೆ? ಎಲ್ಲಿ ನಿಲ್ಲುತ್ತದೆ? ತೂಬು ಎತ್ತುವ ಅಧಿಕಾರ ಯಾರದು? ಮಂಡ್ಯದಲ್ಲಿ ಬೆಳೆದ ನನಗೆ ಬೇರೆ ಕಡೆಯಿಂದ ಶುರು ಮಾಡೋದು ಹೊಳೆಯಲೇ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಮಳವಳ್ಳಿ ಕಡೆಯ ನಮ್ಮಜ್ಜಿ ಯಾವ ಸಂಗತಿ ಹೇಳಿದರೂ ಇಸವಿ ಹೇಳುತ್ತಿರಲಿಲ್ಲ. ‘ಅದು ನಾಲೆ ಬರೋಕ್ ಮುಂಚೆ ಕಣಪ್ಪ’ ಅನ್ನುತ್ತಿದ್ದರು, ಇಲ್ಲ ಅಂದ್ರೆ ‘ನಾಲೆ ಬಂದ್ಮೇಲೆ’. ಅವರ ಲೆಕ್ಕದಲ್ಲಿ ಇದ್ದದ್ದು ಎರಡೇ ಯುಗ. ಯೋಚಿಸಿ ನೋಡಿದರೆ ಅದು ಸರಿಯಾದ ಲೆಕ್ಕವೇ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು, ಮುಗಿಯುವ ಹೊತ್ತಿಗೆ 1930ರ ದಶಕ ಬಂದಿತ್ತು. ನಾಲೆ ಹರಿದ ಕಡೆಯೆಲ್ಲ ರಾಗಿ ಹೊಲ ಗದ್ದೆಯಾಯಿತು, ಕಬ್ಬು ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯವೇ ಮೈಸೂರಿನಿಂದ ಬೇರೆಯಾಗಿ ಒಂದು ಜಿಲ್ಲೆಯಾಯಿತು. ಇತ್ತ ಹಳೇ ಕನ್ನಂಬಾಡಿ ಊರು ದೇವಸ್ಥಾನದ ಸಮೇತ ನೀರಿನಡಿ ಹೋಯಿತು. ಒಬ್ಬರ ಹೊಟ್ಟೆ ತುಂಬಿಸಿದ ನೀರೇ ಇನ್ನೊಬ್ಬರ ಊರನ್ನು ಮುಳುಗಿಸಿತು. ನನ್ನ ಲೋಕದ ಬುಡ ಇದೇ.

ಆ ಲೋಕಕ್ಕೆ ಕಡುಹೊಳೆ ಸೀಮೆ ಅಂತ ಹೆಸರಿಟ್ಟಿದ್ದೇನೆ. ಅಲ್ಲಿ ನಾಲ್ಕು ಜನ, ಅಂದರೆ ನಾಲ್ಕು ಜನಾಂಗ. ಅವರನ್ನು ಮೈಬಣ್ಣದಿಂದಾಗಲಿ ಕಿವಿಯ ಆಕಾರದಿಂದಾಗಲಿ ಬೇರೆ ಮಾಡಲಿಲ್ಲ. ಹೊಳೆಯ ಜೊತೆ ಯಾರ ಸಂಬಂಧ ಎಂಥದ್ದು ಅನ್ನೋದರಿಂದಲೇ ಬೇರೆ ಮಾಡಿದೆ. ಮಡುವರು ಹರಿಗೋಲಿನ ಜನ. ನೆಲಕ್ಕೆ ಒಡೆಯರಲ್ಲ, ಆದರೆ ಅವರನ್ನು ಕೇಳದೆ ಯಾರೂ ಹೊಳೆ ದಾಟುವಂತಿಲ್ಲ. ಅರೆಯರು ಬಂಡೆಯ ಮೇಲಿನವರು. ಹೊಳೆ ನೀರು ಕುಡಿಯೋದೇ ಇಲ್ಲ, ದೊಣೆಯಲ್ಲಿ ನಿಂತ ಮಳೆ ನೀರೇ ಅವರಿಗೆ ತೀರ್ಥ. ಕಲ್ಲು ಕಡಿಯುವುದು, ಕಲ್ಲಿನ ಮೇಲೆ ಬರೆಯುವುದು ಅವರ ಕಸುಬು. ತೂಬಿನವರು ಕಟ್ಟೆ ಕಟ್ಟಿದವರು, ಗದ್ದೆಯವರು, ಆಳುವವರು. ಅವರ ದೊರೆಗೆ ‘ಮಹಾರಾಜ’ ಅನ್ನುವ ಬಿರುದು ಕೊಡಲಿಲ್ಲ. ‘ನೀರುಗಂಟಿ’ ಅಂದೆ. ನಮ್ಮೂರುಗಳಲ್ಲಿ ಕೆರೆ ತೂಬು ಎತ್ತಿ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುತ್ತಿದ್ದ ಆಳಿಗೆ ಆ ಹೆಸರಿತ್ತು. ಆ ಲೋಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಪದವಿ. ಪಟ್ಟಾಭಿಷೇಕದ ದಿನ ಅವನ ತಲೆಗೆ ಕಿರೀಟ ಇಡುವುದಿಲ್ಲ, ಕೈಗೆ ತೂಬು ಎತ್ತುವ ಕೋಲು, ಕೊಂತ, ಕೊಡುತ್ತಾರೆ.

ನಾಲ್ಕನೆಯವರು ಕಾನವರು. ಜೇನಿನ ಜನ, ಹೊಳೆ ಹುಟ್ಟುವ ಕಾಡಿನವರು. ಇವರ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಸೋಲಿಗರ ಹೆಣ್ಣು ಕುಸುಮಾಲೆಯನ್ನು ರಂಗಸ್ವಾಮಿ ಮದುವೆಯಾದ ಅಂತ ಕತೆ. ಹಾಗಾಗಿ ಸೋಲಿಗರಿಗೆ ಅವನು ರಂಗಭಾವ. ಬೆಟ್ಟದ ಕೆಳಗಿನವರು ಕೈಮುಗಿದು ನಿಲ್ಲುವ ದೇವರು ಇವರಿಗೆ ಭಾವ! ಭಾವನ ಜೊತೆ ಸಲುಗೆ ಇರುತ್ತದೆ, ಜಗಳ ಇರುತ್ತದೆ, ಅವನಿಂದ ಬರಬೇಕಾದ ಮರ್ಯಾದೆಯೂ ಇರುತ್ತದೆ. ಎರಡು ಜನಾಂಗಗಳ ನಡುವಿನ ಇಡೀ ಸಂಬಂಧ ಒಂದು ನೆಂಟಸ್ತಿಕೆಯಲ್ಲಿ ಕೂತಿದೆ. ಇದಕ್ಕಿಂತ ಚೆನ್ನಾಗಿ ಯಾವ ಒಪ್ಪಂದದ ಪತ್ರ ಹೇಳುತ್ತದೆ? ಅದಕ್ಕೇ ನನ್ನ ಸೀಮೆಯಲ್ಲಿ ತೂಬಿನವರ ದೇವರು ಕಾನವರಿಗೆ ಅಳಿಯ. ವರ್ಷಕ್ಕೊಮ್ಮೆ ಅವನ ಉತ್ಸವಮೂರ್ತಿ ಮಾವನ ಮನೆಗೆ ಹತ್ತಿ ಬರಬೇಕು, ಭತ್ತ ತರಬೇಕು, ಜೇನು ಒಯ್ಯಬೇಕು. ಬರ ಬಿದ್ದ ಒಂದು ವರ್ಷ ದೇವರು ಬರಿಗೈಲಿ ಬಂದ. ಮಾರನೇ ವರ್ಷ ಬರಲೇ ಇಲ್ಲ. ಅಲ್ಲಿಂದ ಯುದ್ಧ. ಈ ಯುದ್ಧಕ್ಕೆ ಕಾರಣ ಹುಡುಕಲು ನಾನು ಕಷ್ಟಪಡಬೇಕಾಗಲಿಲ್ಲ.

ಪುರಾಣಗಳ ಬಗ್ಗೆ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ. ಕತೆ ಎಷ್ಟೇ ಚೆನ್ನಾಗಿರಲಿ, ಅದರಿಂದ ಇವತ್ತಿಗೂ ಯಾರಾದರೂ ಏನಾದರೂ ಮಾಡುತ್ತಿರಬೇಕು ಅಥವಾ ಬಿಟ್ಟಿರಬೇಕು. ಇಲ್ಲದಿದ್ದರೆ ಅದು ಪುರಾಣ ಅಲ್ಲ, ಸುಮ್ನೆ ಅಲಂಕಾರ. ನಮ್ಮ ಕಡೆಯ ಕತೆಗಳೆಲ್ಲ ಹೀಗೇ ನೆಲಕ್ಕೆ ಅಂಟಿಕೊಂಡಿವೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕತೆಯಲ್ಲಿ ಅವನ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗೋದು ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ ಹತ್ತಿರ. ಹಲಗೂರು ಇವತ್ತೂ ಮಳವಳ್ಳಿ ತಾಲ್ಲೂಕಿನಲ್ಲಿದೆ, ಬಸ್ಸು ಹತ್ತಿ ಹೋಗಿ ಇಳಿಯಬಹುದು. ಹಾಗೇ ಮೈಸೂರಿನ ಚಾಮುಂಡಿ ಕತೆ ನೋಡಿ. ಮಹಿಷನ ರಕ್ತ ನೆಲಕ್ಕೆ ಬಿದ್ದಲ್ಲೆಲ್ಲ ಹೊಸ ರಾಕ್ಷಸರು ಏಳುತ್ತಿದ್ದಾಗ ನಾಲಿಗೆ ಚಾಚಿ ಅದನ್ನು ಹೀರಿದವಳು ತಂಗಿ, ಉತ್ತನಹಳ್ಳಿ ಉರಿಮಾರಿ. ಅಕ್ಕ ಬೆಟ್ಟದ ಮೇಲೆ, ತಂಗಿ ಬೆಟ್ಟದ ಬುಡದಾಚೆ. ಬೆಟ್ಟಕ್ಕೆ ಹೋದವರಲ್ಲಿ ಎಷ್ಟೋ ಜನ ತಂಗಿಯನ್ನೂ ನೋಡಿಕೊಂಡೇ ಮನೆಗೆ ಬರುತ್ತಾರೆ. ಕತೆ ಜನರ ಕಾಲನ್ನು ನಡೆಸುತ್ತಿದೆ ಅಲ್ವಾ, ನನಗೆ ಬೇಕಾಗಿದ್ದು ಅದು.

ಆದರೆ ನನ್ನ ಲೋಕಕ್ಕೆ ಬೆನ್ನೆಲುಬು ಕೊಟ್ಟಿದ್ದು ತಲಕಾಡು. 1610ರ ಸುಮಾರಿಗೆ ಶ್ರೀರಂಗಪಟ್ಟಣ ರಾಜ ಒಡೆಯರ ಕೈಗೆ ಬಂದಾಗ, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆಗಳ ಜೊತೆ ಹೊಳೆಗೆ ಹಾರಿದಳು, ಹಾರುವಾಗ ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಅಂತ ಶಪಿಸಿದಳು ಅನ್ನೋದು ಜನರ ಬಾಯಲ್ಲಿರುವ ಕತೆ. ಶಪಿಸಲ್ಪಟ್ಟ ಅರಮನೆಯಲ್ಲೇ ಅವಳ ವಿಗ್ರಹಕ್ಕೆ ಪೂಜೆ ಆಗುತ್ತದೆ. ಭೂವಿಜ್ಞಾನ ಬಲ್ಲವರು ಬೇರೆ ಹೇಳುತ್ತಾರೆ. 14ನೇ ಶತಮಾನದಲ್ಲಿ ಮಾಧವಮಂತ್ರಿ ಅಣೆಕಟ್ಟೆ ಬಂದ ಮೇಲೆ ಹೊಳೆಯ ಓಟ ಬದಲಾಯಿತು, ಒಣಗಿ ಬಯಲಾದ ಮರಳನ್ನು ಗಾಳಿ ಹೊತ್ತು ತಂದು ಊರಿನ ಮೇಲೆ ಸುರಿಯಿತು ಅಂತ. ಅಂದರೆ ಶಾಪಕ್ಕಿಂತ ಮುಂಚೆಯೇ ಮರಳು ಹೊರಟಿತ್ತು. ಆದರೂ ಮರಳಿನಡಿಯ ದೇವಸ್ಥಾನಗಳಿಗೆ ಪಂಚಲಿಂಗ ದರ್ಶನಕ್ಕೆ ಬರುವ ಜನಕ್ಕೆ ಅಲಮೇಲಮ್ಮನೇ ಕಾರಣ. ಗೆದ್ದವರು, ಸೋತವರು, ವಿಜ್ಞಾನಿಗಳು, ಭಕ್ತರು, ಎಲ್ಲರ ಕಣ್ಣೆದುರು ಇರೋದು ಅದೇ ಮರಳು.

ನಾನು ಮಾಡಿದ್ದೂ ಇಷ್ಟೇ. ಒಂದೇ ಒಂದು ದೊಡ್ಡ ಘಟನೆ ಇಟ್ಟೆ: ಸೊಲ್ಲೂರು ಅನ್ನುವ ಊರು ಮುಳುಗಿದ್ದು. ಅದನ್ನು ನಾಲ್ಕು ಬಾಯಿಂದ ಹೇಳಿಸಿದೆ. ತೂಬಿನವರ ಪ್ರಕಾರ ನೆರೆಯವ್ವ ಅನ್ನುವ ದೇವಿ ನೀರುಗಂಟಿಯ ಕನಸಿಗೆ ಬಂದು ಊರನ್ನು ಕೇಳಿದಳು, ಅವನು ಧಾರೆ ಎರೆದು ಕೊಟ್ಟ. ಅದಕ್ಕೇ ಅವರ ಮದುವೆಗಳಲ್ಲಿ ಧಾರೆಯ ಮೊದಲ ಹನಿ ಹೊಳೆಗೆ. ಮಡುವರ ಪ್ರಕಾರ ನೆರೆಯವ್ವನ ಮಗಳನ್ನು ಕಟ್ಟೆಯ ಬುಡದಲ್ಲಿ ಹೂತುಹಾಕಿದರು, ತಾಯಿ ಅತ್ತಿದ್ದೇ ನೆರೆ. ಅವರು ಕಟ್ಟೆಯ ಹತ್ತಿರ ಹಾಡು ಹೇಳುವುದಿಲ್ಲ, ಹುಟ್ಟು ಹಾಕೋದೂ ಸದ್ದಿಲ್ಲದೆ. ಕಾನವರು ಹೇಳೋದೇ ಬೇರೆ. ಊರು ಮುಳುಗಿತು, ಜನ ಸಾಯಲಿಲ್ಲ, ನೀರುನಾಯಿಗಳಾದರು. ಕಾವೇರಿಯಲ್ಲಿ ನೀರುನಾಯಿ ನೋಡಿದವರಿಗೆ ಗೊತ್ತು, ಅವು ಗುಂಪಾಗಿ ತಲೆ ಎತ್ತಿ ನಮ್ಮನ್ನೇ ನೋಡುವ ರೀತಿ ಅಂಥದ್ದು. ಕಾನವರು ಎಂಥ ಹಸಿವಿನಲ್ಲೂ ಅವನ್ನು ಮುಟ್ಟುವುದಿಲ್ಲ. ಇನ್ನು ಅರೆಯರ ಕಲ್ಲಿನಲ್ಲಿ ದೇವರ ಮಾತೇ ಇಲ್ಲ. ಇಂಥ ವರ್ಷ, ಇಂಥ ತಿಂಗಳು, ನೀರು ಈ ಗೆರೆಯವರೆಗೆ ಬಂತು, ಇಷ್ಟು ಮನೆ ಹೋಯಿತು, ಅಷ್ಟೇ.

ಓದಿದ ಗೆಳೆಯರು ‘ಇದರಲ್ಲಿ ನಿಜ ಯಾವುದು’ ಅಂತ ಕೇಳುತ್ತಾರೆ. ನಾನು ತೀರ್ಮಾನ ಮಾಡಿಲ್ಲ, ಮಾಡುವುದೂ ಇಲ್ಲ. ಲೇಖಕನ ಬಳಿ ಗುಟ್ಟಾಗಿ ಒಂದು ಉತ್ತರ ಇದ್ದರೆ ಉಳಿದ ಮೂರು ಕತೆ ತಾನಾಗೇ ಸೊರಗುತ್ತವೆ. ಬರೆಯುವ ಕೈ ಒಂದು ಕಡೆಗೆ ವಾಲಿಬಿಡುತ್ತದೆ.

ಚರಿತ್ರೆಯ ಭಾಗವನ್ನು ಅಧ್ಯಾಯಗಳಾಗಿ ಬರೆಯಲಿಲ್ಲ, ಶಾಸನಗಳಾಗಿ ಬರೆದೆ. ಇದನ್ನು ಯಾರಿಗೆ ಬೇಕಾದರೂ ಧೈರ್ಯವಾಗಿ ಹೇಳುತ್ತೇನೆ, ಮಾಡಿ ನೋಡಿ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಮಂಡ್ಯ, ಮೈಸೂರು ಸಂಪುಟಗಳನ್ನು ತೆರೆದು ಕೂತರೆ ದಾನ ಶಾಸನಗಳ ಅಚ್ಚು ತಿಳಿಯುತ್ತದೆ: ಕಾಲ, ಆಳುವವನು, ನಡೆದದ್ದು, ಕೊಟ್ಟ ಭೂಮಿ, ಅದರ ಎಲ್ಲೆ, ಕೊನೆಗೆ ಇದನ್ನು ಅಳಿಸಿದವನಿಗೆ ಕಾಶಿಯಲ್ಲಿ ಕವಿಲೆ ಹಸು ಕೊಂದ ಪಾಪ. ಈ ಅಚ್ಚಿನಲ್ಲಿ ಬರೆಯುವಾಗ ಉಪನ್ಯಾಸ ಕೊಡೋಕೆ ಜಾಗವೇ ಇರುವುದಿಲ್ಲ. ಎಲ್ಲೆ ಹೇಳಬೇಕಾದರೆ ಹಳ್ಳ, ಹುಣಸೆಮರ, ಪಕ್ಕದ ಊರು ಎಲ್ಲ ಹುಟ್ಟಲೇಬೇಕು. ನನ್ನ ನಕ್ಷೆ ಬಂದದ್ದೇ ಹಾಗೆ.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನನಗೆ ಬಹಳ ಇಷ್ಟ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 949–50ರದ್ದು. ರಾಷ್ಟ್ರಕೂಟರು ಗೆದ್ದ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ದೊಡ್ಡ ಸುದ್ದಿ ಅದರಲ್ಲಿದೆ. ಅದೇ ಕಲ್ಲಿನಲ್ಲಿ ಇನ್ನೊಂದು ಸುದ್ದಿ. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ‘ಏನು ಬೇಕು, ಕೇಳು’ ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನುವ ಬೇಟೆನಾಯಿಯನ್ನು ಕೊಡಿ ಅಂದ. ಆ ಕಾಳಿ ಒಂದು ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿ, ಹಂದಿ ಕಾದಾಡುವ ಚಿತ್ರ ಕಲ್ಲಿನ ಮೇಲೇ ಇದೆ. ಒಂದು ಸಾಮ್ರಾಜ್ಯದ ಗೆಲುವು, ಒಂದು ನಾಯಿಯ ಸಾವು, ಎರಡಕ್ಕೂ ಒಂದೇ ಕಲ್ಲು. ಇದನ್ನು ಓದಿದ ಮೇಲೆ ನನ್ನ ಅರೆಯರಿಗೆ ಒಂದು ಕಟ್ಟಳೆ ಮಾಡಿದೆ: ದೊರೆಯ ಸುದ್ದಿ ಮಾತ್ರ ಇರುವ ಕಲ್ಲನ್ನು ಅವರು ಕಡಿಯುವುದಿಲ್ಲ. ದೊರೆ ಗೆದ್ದ ಅಂತ ಬರೆಸಬೇಕಾದರೆ ಆ ವರ್ಷ ಸತ್ತ ಒಂದು ಸಾಮಾನ್ಯ ಜೀವದ ಹೆಸರೂ ಪಕ್ಕದಲ್ಲಿ ಇರಬೇಕು. ಈ ಒಂದು ಕಟ್ಟಳೆಯಿಂದ ನನಗೆ ಸಿಕ್ಕ ಕತೆಗಳಿಗೆ ಲೆಕ್ಕವಿಲ್ಲ.

ಯುಗಗಳ ವಿಚಾರ ಬೇಗ ಮುಗಿಸುತ್ತೇನೆ. ನಾಲ್ಕು ಜನಕ್ಕೂ ಒಂದೇ ಕಾಲಮಾನ ಕೊಡಬಾರದು. ಪಾಂಡವಪುರ ಹಿಂದೆ ಹಿರೋಡೆ, ನಡುವೆ ಫ್ರೆಂಚರ ದಂಡು ಬೀಡುಬಿಟ್ಟಿದ್ದಕ್ಕೆ ಫ್ರೆಂಚ್ ರಾಕ್ಸ್, ಆಮೇಲೆ ಪಾಂಡವಪುರ. ಪಕ್ಕದ ಕುಂತಿಬೆಟ್ಟದಲ್ಲಿ ಪಾಂಡವರಿದ್ದರು ಅನ್ನುವ ಕತೆ ಹಳೆಯದು, ಆ ಕತೆಯ ಹೆಸರು ಊರಿಗೆ ಬಂದದ್ದು ಕೊನೆಗೆ. ಅಂದರೆ ಎಲ್ಲಕ್ಕಿಂತ ಹಳೇ ಯುಗವನ್ನು ಎಲ್ಲಕ್ಕಿಂತ ಹೊಸಬರು ಹೆಸರಿಸಬಹುದು. ನನ್ನ ಸೀಮೆಯಲ್ಲೂ ‘ದೊಣೆಗಾಲ’ ಅನ್ನುವ ಆದಿಯುಗದ ಹೆಸರು ಹುಟ್ಟಿದ್ದು ಕಟ್ಟೆ ಬಂದ ಮೇಲೆ. ನೀರು ಹಂಚಿಕೆಯ ಜಗಳದಲ್ಲಿ ‘ನಾವೇ ಮೊದಲಿನವರು’ ಅಂತ ಹೇಳಲು ಅರೆಯರಿಗೆ ಆ ಹೆಸರು ಬೇಕಾಯಿತು.

ಇನ್ನು ವರ್ಷದ ಲೆಕ್ಕ. ನಮ್ಮ ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳು ಸುತ್ತಿ ಸುತ್ತಿ ಬರುತ್ತವೆ. ಶಕವರ್ಷ ಬರೆಯದೆ ಸಂವತ್ಸರ ಮಾತ್ರ ಬರೆದಿದ್ದರೆ ಅದು ಯಾವ ಸುತ್ತಿನದ್ದು ಅಂತ ತಿಳಿಯಲು ದೊರೆಯ ಹೆಸರು, ಅಕ್ಷರದ ರೂಪ ನೋಡಬೇಕು. ಈ ತೊಡಕನ್ನೇ ಇಡೀ ಕಾದಂಬರಿಯ ವ್ಯಾಜ್ಯ ಮಾಡಿಕೊಂಡಿದ್ದೇನೆ. ಸೊಲ್ಲೂರಿನ ಎರಡು ದಾನದ ಕಲ್ಲು ಸಿಕ್ಕಿವೆ, ಎರಡರಲ್ಲೂ ಒಂದೇ ವರ್ಷದ ಹೆಸರು, ಒಂದು ಮುಳುಗೋಕೆ ಮುಂಚಿನದು, ಇನ್ನೊಂದು ಆಮೇಲಿನದು. ಮುಂಚಿನದು ಯಾವುದು ಅಂತ ಸಾಬೀತು ಮಾಡಿದವರಿಗೆ ಬೇಸಿಗೆಯ ಸರದಿ ನೀರು. ಸದ್ಯಕ್ಕೆ ಮಡುವರ ಒಬ್ಬ ಮುದುಕಿ ಸಾಕ್ಷಿ ಹೇಳಲು ಚಾವಡಿಗೆ ಬಂದಿದ್ದಾಳೆ. ಅವಳಿಗೆ ಓದು ಬರುವುದಿಲ್ಲ, ಆದರೆ ಹನ್ನೆರಡು ತಲೆಮಾರಿನ ನೆರೆಗಳನ್ನು ಹಾಡಿನಲ್ಲಿ ಬಲ್ಲಳು. ಆ ಹಾಡನ್ನು ಸಾಕ್ಷಿ ಅಂತ ಬರೆದುಕೊಳ್ಳಬೇಕೋ ಬೇಡವೋ ಅಂತ ನೀರುಗಂಟಿ ಅರೆಯರ ಲಿಪಿಕಾರನನ್ನು ಕೇಳುತ್ತಿದ್ದಾನೆ. ಮುಂದಿನ ಅಧ್ಯಾಯ ಪೂರ್ತಿ ಆ ಹಾಡೇ.