ಡೆಕ್ಸಾ ಇಲ್ಲದ ಊರಲ್ಲಿ ಸಾರ್ಕೋಪೀನಿಯ ಹಿಡಿದದ್ದು

ತಾಲ್ಲೂಕು ಊರಿನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸಾರ್ಕೋಪೀನಿಯ, ಅಂದರೆ ವಯಸ್ಸಾದಂತೆ ಸ್ನಾಯುವೂ ಶಕ್ತಿಯೂ ಕುಗ್ಗುವ ಕಾಯಿಲೆ, ಪತ್ತೆ ಮಾಡುತ್ತೇನೆ ಅಂದಾಗ ಪರಿಚಯದ ಮೂಳೆ ಡಾಕ್ಟರು ನಕ್ಕಿದ್ದರು. "ಡೆಕ್ಸಾ ಎಲ್ಲಿದೆ ನಿಮ್ಮ ಹತ್ರ? ವಯಸ್ಸಾದ್ಮೇಲೆ ಎಲ್ಲರೂ ಸೊರಗ್ತಾರೆ ಬಿಡಿ" ಅಂದರು. ಡೆಕ್ಸಾ ಅಂದರೆ ಮೈಯ ಸ್ನಾಯು, ಮೂಳೆ ಅಳೆಯುವ ಎಕ್ಸ್‌ರೇ ಸ್ಕ್ಯಾನ್. ಈಗ ಅವರೇ ರೋಗಿಗಳನ್ನು ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಏಷ್ಯಾದ ಸಾರ್ಕೋಪೀನಿಯ ತಜ್ಞರ ಗುಂಪಿನ 2019ರ ಮಾನದಂಡ ಹೀಗಿದೆ. ಕೈಯ ಹಿಡಿತದ ಬಲ ಗಂಡಸರಲ್ಲಿ 28 ಕೆಜಿಗಿಂತ, ಹೆಂಗಸರಲ್ಲಿ 18 ಕೆಜಿಗಿಂತ ಕಡಿಮೆ ಇರಬೇಕು, ಇಲ್ಲವೇ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಜಾಸ್ತಿ ಹಿಡಿಯಬೇಕು. ಇಷ್ಟಿದ್ದರೆ 'ಇರಬಹುದು' ಅಂತ ಬರೆದು ಊಟ, ವ್ಯಾಯಾಮ ಶುರು ಮಾಡಬಹುದು. ಡೆಕ್ಸಾ ಖಚಿತಪಡಿಸಲು, ಆಮೇಲೆ.

ಮೊದಲು ದುಡ್ಡು ನುಂಗಿದ್ದು ಬಿಐಎ ಯಂತ್ರ, ಅಂದರೆ ಮೈಯಲ್ಲಿ ಸಣ್ಣ ಕರೆಂಟು ಹರಿಸಿ ಸ್ನಾಯು ಎಷ್ಟಿದೆ ಅಂತ ಅಂದಾಜು ಮಾಡುವ ಯಂತ್ರ. ಸುಮಾರು 18 ಸಾವಿರ. ಅದೇ ಅಜ್ಜಿಗೆ ಬೆಳಿಗ್ಗೆ ಒಂದು ಲೆಕ್ಕ, ಊಟ ಮಾಡಿ ನೀರು ಕುಡಿದು ಬಂದರೆ ಇನ್ನೊಂದು. ಪೇಸ್‌ಮೇಕರ್ ಇದ್ದವರನ್ನು ನಿಲ್ಲಿಸುವ ಹಾಗೂ ಇಲ್ಲ. ಈಗ ಅದರಲ್ಲಿ ಬರೀ ತೂಕ ನೋಡುತ್ತೇವೆ.

ಹಿಡಿತದ ಬಲ ಅಳೆಯಲು ಜಾಮರ್ ಬ್ರಾಂಡಿನ ಹಿಡಿತಮಾಪಕ ಕೇಳಿದರೆ 30 ಸಾವಿರದ ಹತ್ತಿರ ಹೇಳಿದರು. ಮೂರೂವರೆ ಸಾವಿರದ ಡಿಜಿಟಲ್ ತರಿಸಿದೆ. ನಂಬೋದು ಹೇಗೆ? ಪಕ್ಕದ ಜಿಮ್ಮಿನಿಂದ 10, 20 ಕೆಜಿ ತಟ್ಟೆ ತಂದು ಬೆಲ್ಟಿನಲ್ಲಿ ಹಿಡಿಗೆ ತೂಗುಹಾಕಿ ನೋಡಿದೆ. ಒಂದು, ಒಂದೂವರೆ ಕೆಜಿ ಆಚೀಚೆ, ಅಷ್ಟೇ. ಅಂಕಿ ಗಡಿಯ ಹತ್ತಿರ ಬಂದರೆ ಇನ್ನೊಂದು ದಿನ ಕರೆಸುತ್ತೇನೆ. ಒಂದೇ ಕೈ ಸೋತಿದ್ದರೆ ಅದು ನರದ ಕಡೆಯ ವಿಷಯ ಇರಬಹುದು, ನೇರ ಡಾಕ್ಟರ ಹತ್ತಿರ.

ಕುರ್ಚಿಯ ಕಾಟ ಬಹಳ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಕೂತರೆ ಬಾಗುತ್ತದೆ. ಶಿಬಿರಕ್ಕೆ ಹೋದಲ್ಲೆಲ್ಲ ಎತ್ತರ ಬೇರೆ. ಅದೇ ಮನುಷ್ಯ ಒಂದು ಕಡೆ 11 ಸೆಕೆಂಡು, ಇನ್ನೊಂದು ಕಡೆ 15. ಕೊನೆಗೆ ಬಡಗಿಯ ಹತ್ತಿರ ಕೈಯಿಲ್ಲದ, 43 ಸೆಂಟಿಮೀಟರ್ ಎತ್ತರದ ಕುರ್ಚಿ ಮಾಡಿಸಿದೆ. 1,400 ರೂಪಾಯಿ ಇರಬೇಕು. ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋಗುತ್ತೇನೆ. ನನ್ನ ಇಡೀ ಕ್ಲಿನಿಕ್ಕಿನಲ್ಲಿ ಅದಕ್ಕಿಂತ ಕೆಲಸಕ್ಕೆ ಬಂದ ಸಾಮಾನು ಇಲ್ಲ.

ಮೀನಖಂಡದ ಸುತ್ತಳತೆ, ಅಂದರೆ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅನುಮಾನ ಅನ್ನುವ ಗಡಿ, ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಬಿಪಿಗೆ ಆಮ್ಲೋಡಿಪಿನ್ ನುಂಗುವವರ ಕಾಲು ಊದಿರುತ್ತದಲ್ಲ! ಒಬ್ಬ ಅಜ್ಜನಿಗೆ ಟೇಪು 35 ತೋರಿಸಿತು, ಹಿಡಿತ ನೋಡಿದರೆ 20ರ ಆಸುಪಾಸು. ಬೆರಳಿಂದ ಒತ್ತಿದರೆ ಗುಳಿ. ಆದ್ದರಿಂದ ಟೇಪು ಆಮೇಲೆ, ಒತ್ತಿ ನೋಡೋದು ಮೊದಲು.

ಸಾರ್ಕ್-ಎಫ್ ಅಂದರೆ ಸಾರ್ಕೋಪೀನಿಯದ ಅನುಮಾನ ಇದೆಯಾ ಅಂತ ನೋಡುವ ಐದು ಪ್ರಶ್ನೆಗಳು. ಅವನ್ನು ನಮ್ಮ ಜನಕ್ಕೆ ಹೊಂದಿಸಲೇ ತಿಂಗಳುಗಟ್ಟಲೆ ಹಿಡಿಯಿತು. ನಾಲ್ಕೂವರೆ ಕೆಜಿ ಎತ್ತುತ್ತೀರಾ ಅಂದರೆ ಯಾರಿಗೂ ಅಂದಾಜಿಲ್ಲ. ಐದು ಲೀಟರ್ ಎಣ್ಣೆ ಕ್ಯಾನ್ ಅಂದರೆ ತಕ್ಷಣ ಉತ್ತರ ಬರುತ್ತದೆ, ತೂಕವೂ ಹೆಚ್ಚುಕಮ್ಮಿ ಅಷ್ಟೇ. ಹತ್ತು ಮೆಟ್ಟಿಲು ಅನ್ನುವ ಬದಲು ಗುಡ್ಡದ ದೇವಸ್ಥಾನದ ಹೆಸರು ಹೇಳುತ್ತೇನೆ. ಬಿದ್ದಿದ್ದೀರಾ ಅನ್ನುವ ಪ್ರಶ್ನೆಯಂತೂ ಒಬ್ಬರನ್ನೇ ಕೇಳಿ ಪ್ರಯೋಜನವಿಲ್ಲ. "ಬಿದ್ದಿಲ್ಲಪ್ಪ" ಅಂತಾರೆ ಅಜ್ಜಿ. "ಬಚ್ಚಲಲ್ಲಿ ಬಿದ್ರಲ್ಲ ಅತ್ತೆ" ಅಂತ ಸೊಸೆ. ಸೊಸೆಯ ಉತ್ತರವನ್ನೇ ಬರೆದುಕೊಳ್ಳುತ್ತೇನೆ.

ಮಧ್ಯೆ ಜಪಾನಿನವರ ಬೆರಳುಂಗುರ ಪರೀಕ್ಷೆಯನ್ನೂ ಮಾಡಿದೆ. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳುಗಳಿಂದ ಮೀನಖಂಡ ಸುತ್ತಿ, ಕಾಲಿಗೂ ಬೆರಳಿಗೂ ನಡುವೆ ಸಂದಿ ಉಳಿದರೆ ಅನುಮಾನ. ಹೆಂಗಸರಿಗೆ ಬಹಳ ಇಷ್ಟವಾಯಿತು, ಮನೆಗೆ ಹೋಗಿ ಅಕ್ಕಪಕ್ಕದವರಿಗೂ ಮಾಡಿದರಂತೆ. ಸ್ಕ್ಯಾನಿಂಗ್ ಮಾಡುವ ಗೆಳೆಯನ ಹತ್ತಿರ ತೊಡೆಯ ಸ್ನಾಯು ದಪ್ಪ ಅಳೆದದ್ದು ಮಾತ್ರ ಸುಮ್ನೆ ಹೋಯಿತು. ಪ್ರೋಬ್ ಸ್ವಲ್ಪ ಒತ್ತಿದರೂ ಅಂಕಿ ಬದಲು.

ನಾನು 'ಇರಬಹುದು' ಅಂದವರಲ್ಲಿ, ಮಕ್ಕಳು ಬೆಂಗಳೂರಲ್ಲಿರುವ ಇಪ್ಪತ್ತು ಚಿಲ್ಲರೆ ಜನ ಅಲ್ಲೇ ಡೆಕ್ಸಾ ಮಾಡಿಸಿದರು, ತಲಾ ಮೂರು ಸಾವಿರದಂತೆ. ಮುಕ್ಕಾಲು ಪಾಲು ಜನರ ಅಂಕಿ ಗಡಿಗಿಂತ ಕೆಳಗೇ ಬಂತು. ಕೈಕಾಲಿನ ಸ್ನಾಯುವಿನ ಕೆಜಿಯನ್ನು ಎತ್ತರದ (ಮೀಟರಿನಲ್ಲಿ) ವರ್ಗದಿಂದ ಭಾಗಿಸಿದ ಅಂಕಿ ಅದು, ಗಡಿ ಗಂಡಸರಿಗೆ 7.0, ಹೆಂಗಸರಿಗೆ 5.4. ನನ್ನ ಅಂದಾಜು ತಪ್ಪಿದವರಲ್ಲಿ ಹೆಚ್ಚಿನವರು ಮಂಡಿ ನೋವಿನವರು, ನೋವಿಗೇ ಎದ್ದು ಕೂರೋದು ನಿಧಾನ. ಅವರಿಗೆ ಕುರ್ಚಿ ಬಿಟ್ಟು ಹಿಡಿತವನ್ನೇ ನಂಬುತ್ತೇನೆ. ಡಾಕ್ಟರು ನಗು ನಿಲ್ಲಿಸಿದ್ದು ಆ ರಿಪೋರ್ಟು ನೋಡಿದ ಮೇಲೆ.

ಈಗ ಪೂರ್ತಿ ತಪಾಸಣೆಗೆ 150 ರೂಪಾಯಿ ತೆಗೆದುಕೊಳ್ಳುತ್ತೇನೆ. ನಡಿಗೆಯ ವೇಗ ನೋಡುವ ಆರು ಮೀಟರ್ ಪರೀಕ್ಷೆಯೊಂದು ಬಾಕಿ. ಕ್ಲಿನಿಕ್ ಅಷ್ಟುದ್ದ ಇಲ್ಲ, ಬೀದಿಯಲ್ಲಿ ನಡೆಸೋಣ ಅಂದರೆ ಬೈಕಿನವರು ಬಿಡಲ್ಲ.