ಡಿಸ್ಕ್ ದೊಡ್ಡದು ಮಾಡಿದ್ದೇ ನನ್ನ ಮೊದಲ ತಪ್ಪು

ನಮ್ಮ ಮನೆಯ ಸೆಟ್‌ಟಾಪ್ ಬಾಕ್ಸ್‌ನಲ್ಲಿ ರೆಕಾರ್ಡಿಂಗ್ ಇತ್ತು. ಇತ್ತು ಅಂದರೆ ಹೆಸರಿಗೆ. ವಾರಕ್ಕೆ ಐದಾರು ಸಲವಾದರೂ ಏನಾದರೂ ಒಂದು ಕೆಡುತ್ತಿತ್ತು. ಒಂದೋ ಧಾರಾವಾಹಿಯ ಕೊನೆಯ ಐದು ನಿಮಿಷ ಇರುತ್ತಿರಲಿಲ್ಲ, ಇಲ್ಲವೇ ರೆಕಾರ್ಡಿಂಗೇ ಇರುತ್ತಿರಲಿಲ್ಲ, ಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದು ಕೆಂಪು ಗುರುತು ಮಾತ್ರ. "ಏನೋ ಇದು, ಅವಳು ಬಾಗಿಲು ತೆಗೆದಳೋ ಇಲ್ವೋ ಅನ್ನೋದೇ ಗೊತ್ತಾಗ್ಲಿಲ್ವಲ್ಲ" ಅಂತ ಅಮ್ಮ ಒಂದು ರಾತ್ರಿ ರಿಮೋಟ್ ನನ್ನ ಕೈಗೆ ಕೊಟ್ಟು ಎದ್ದು ಹೋದಳು. ಅವತ್ತೇ ಇದಕ್ಕೊಂದು ಗತಿ ಕಾಣಿಸಬೇಕು ಅನ್ನಿಸಿತು.

ಎಲ್ಲರ ಹಾಗೆ ನಾನೂ ಮೊದಲು ಡಿಸ್ಕ್ ಮೇಲೆ ಅನುಮಾನ ಪಟ್ಟೆ. ಬಾಕ್ಸ್‌ಗೆ ಯುಎಸ್‌ಬಿಯಲ್ಲಿ 500 ಜಿಬಿ ಡಿಸ್ಕ್ ಹಾಕಿದ್ದೆವು, ಅದನ್ನು ತೆಗೆದು 1 ಟಿಬಿ ಹಾಕಿದೆ. ಸ್ವಲ್ಪ ಲೆಕ್ಕ ಹಾಕಿದ್ದರೆ ಅದರ ಅಗತ್ಯವೇ ಇರಲಿಲ್ಲ ಅಂತ ಗೊತ್ತಾಗುತ್ತಿತ್ತು. ಎಚ್‌ಡಿ ಚಾನೆಲ್ ಒಂದು ಸುಮಾರು 8 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 8 ಮೆಗಾಬಿಟ್‌ನಂತೆ, ಬರುತ್ತದೆ ಅಂತ ಇಟ್ಟುಕೊಳ್ಳಿ. 8 ಬಿಟ್ ಸೇರಿದರೆ 1 ಬೈಟ್, ಹಾಗಾಗಿ ಸೆಕೆಂಡಿಗೆ 1 ಎಂಬಿ, ಗಂಟೆಗೆ 3.6 ಜಿಬಿ. 500 ಜಿಬಿಯಲ್ಲೇ ಸುಮಾರು 138 ಗಂಟೆ ಹಿಡಿಯುತ್ತದೆ. ನಮ್ಮದು ಅರ್ಧವೂ ತುಂಬಿರಲಿಲ್ಲ! ಇನ್ನೊಂದು, ಬಾಕ್ಸ್ ಆಕಾಶದಿಂದ ಬಂದ ಡಿಜಿಟಲ್ ಸಿಗ್ನಲ್ಲನ್ನು ಹಾಗೇ ಡಿಸ್ಕ್‌ಗೆ ಬರೆಯುತ್ತದೆ, ಹಳೇ ಕ್ಯಾಸೆಟ್ ಕಾಲದ ಹಾಗೆ ಗುಣಮಟ್ಟ ಇಳಿಸಿ ಜಾಗ ಉಳಿಸೋ ವ್ಯವಹಾರ ಇಲ್ಲಿಲ್ಲ. ಹಾಗಾಗಿ ಸೆಟ್ಟಿಂಗ್‌ನಲ್ಲಿ ಅದಕ್ಕೆ ಆಯ್ಕೆ ಹುಡುಕುತ್ತಾ ಕೂರಬೇಡಿ. ನಾನು ಕೂತಿದ್ದೆ.

ಡಿಸ್ಕ್ ಬದಲಾಯಿಸುವಾಗ ಇನ್ನೊಂದು ಪೆದ್ದುತನ ಆಯಿತು. ಹಳೇ ಡಿಸ್ಕನ್ನು ಕಂಪ್ಯೂಟರ್‌ಗೆ ಚುಚ್ಚಿ ರೆಕಾರ್ಡಿಂಗ್‌ಗಳನ್ನು ಹೊಸದಕ್ಕೆ ಕಾಪಿ ಮಾಡೋಣ ಅಂದುಕೊಂಡೆ. ಕಂಪ್ಯೂಟರ್ "ಈ ಡಿಸ್ಕ್ ಓದಲು ಆಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ" ಅಂತ ಕೇಳಿತು. ಒತ್ತಿಬಿಟ್ಟೆ. ಸುಮಾರು 40 ಗಂಟೆಯ ರೆಕಾರ್ಡಿಂಗ್ ಹೋಯಿತು. ಆಮೇಲೆ ತಿಳಿದದ್ದು, ಒತ್ತದೇ ಇದ್ದಿದ್ದರೂ ಕಂಪ್ಯೂಟರ್‌ನಲ್ಲಿ ಅದನ್ನು ಓದೋಕೆ ಆಗುತ್ತಿರಲಿಲ್ಲ. ಚಂದಾ ಬಾಕ್ಸ್‌ಗಳಲ್ಲಿ ರೆಕಾರ್ಡಿಂಗ್‌ಗೆ ಬೀಗ ಇರುತ್ತದೆ, ಕೀಲಿ ಅದೇ ಬಾಕ್ಸ್ ಒಳಗೆ. ಬೇರೆ ಬಾಕ್ಸ್‌ಗೋ ಕಂಪ್ಯೂಟರ್‌ಗೋ ಹಾಕಿದರೆ ಅದು ಬರೀ ಕಸ.

ಹೊಸ ಡಿಸ್ಕ್ ಬಂದ ಮೇಲೂ ರೆಕಾರ್ಡಿಂಗ್ ತಪ್ಪೋದು ನಿಲ್ಲಲಿಲ್ಲ. ಆಗ ಟಿವಿ ಪಕ್ಕ ಒಂದು ಹಳೇ ನೋಟ್‌ಬುಕ್ ಇಟ್ಟೆ. ಕೆಟ್ಟ ರೆಕಾರ್ಡಿಂಗ್‌ನ ಹೆಸರು, ಸಮಯ, ಹೇಗೆ ಕೆಟ್ಟಿತು, ಅದೇ ಹೊತ್ತಲ್ಲಿ ಇನ್ನೇನು ನಡೀತಿತ್ತು, ಇಷ್ಟೇ. ಅಪ್ಪ ನೋಡಿ ನಕ್ಕರು. ಒಂದು ತಿಂಗಳಿಗೆ 23 ಸಾಲು ಆಯಿತು. 9 ಸಲ ಕೊನೆ ಕತ್ತರಿಸಿತ್ತು. 7 ಸಲ ಎರಡು ಕಾರ್ಯಕ್ರಮ ಒಂದೇ ಸಮಯಕ್ಕೆ ಬಂದು ಒಂದು ಬಿದ್ದಿತ್ತು. 4 ಸಲ ನಡುರಾತ್ರಿಯ ರೆಕಾರ್ಡಿಂಗ್ ಶುರುವೇ ಆಗಿರಲಿಲ್ಲ. 2 ಸಲ ಮಳೆ. ಡಿಸ್ಕ್‌ನಿಂದ ಆದದ್ದು ಒಂದೇ ಒಂದು.

ಆ ನಡುರಾತ್ರಿಯದ್ದು ಮೊದಲು ಬಗೆಹರಿಯಿತು, ಯಾಕೆಂದರೆ ಕಾರಣ ಪಕ್ಕದಲ್ಲೇ ಕೂತು ನಗುತ್ತಿತ್ತು. ಅಪ್ಪ ಮಲಗೋ ಮುಂಚೆ ಟಿವಿಯ ಗೋಡೆ ಸ್ವಿಚ್ಚನ್ನೇ ಆರಿಸುತ್ತಿದ್ದರು. ಬಾಕ್ಸ್‌ಗೆ ಕರೆಂಟೇ ಇಲ್ಲ, ಅದು ಏನು ರೆಕಾರ್ಡ್ ಮಾಡೀತು? ರೆಕಾರ್ಡಿಂಗ್ ಅಷ್ಟೇ ಅಲ್ಲ, ಕಾರ್ಯಕ್ರಮ ಪಟ್ಟಿ ಹೊಸದಾಗೋದು, ಸಾಫ್ಟ್‌ವೇರ್ ಅಪ್‌ಡೇಟ್ ಆಗೋದು ಎಲ್ಲ ಜಾಸ್ತಿ ನಡೆಯೋದು ನಾವು ಮಲಗಿದ್ದಾಗಲೇ. ಪಟ್ಟಿ ಹಳೆಯದಾದರೆ ಸರಣಿ ರೆಕಾರ್ಡಿಂಗ್ ಕೂಡ ದಾರಿ ತಪ್ಪುತ್ತದೆ. ಸ್ವಿಚ್ ಮೇಲೆ ಟೇಪ್ ಅಂಟಿಸಿದೆ. ವಿದ್ಯುತ್ ಉಳಿಸೋ ಸೆಟ್ಟಿಂಗ್ ಇದ್ದರೆ ಅದನ್ನೂ ಒಮ್ಮೆ ನೋಡಿ, ತೀರಾ ಆಳವಾದ ನಿದ್ದೆಗೆ ಹಾಕಿದ್ದರೆ ಕೆಲವು ಬಾಕ್ಸ್‌ಗಳು ಹೊತ್ತಿಗೆ ಸರಿಯಾಗಿ ಏಳೋದಿಲ್ಲ.

ಕೊನೆ ಕತ್ತರಿಸೋದಕ್ಕೆ ಮದ್ದು ಸುಲಭ ಅಂತ ಕಾಣುತ್ತದೆ. ಶುರುವಿಗೆ 2 ನಿಮಿಷ, ಕೊನೆಗೆ 10 ನಿಮಿಷ ಹೆಚ್ಚುವರಿ ಕೊಟ್ಟೆ. ನೇರ ಪ್ರಸಾರದ ಪಂದ್ಯಕ್ಕೆ 60 ನಿಮಿಷ, ಯಾಕೆಂದರೆ ಪಂದ್ಯ ಕೆಡೋದೇ ಕೊನೆಯ ಎರಡು ಓವರ್ ಇಲ್ಲದಿದ್ದಾಗ. ಕೆಲವು ಬಾಕ್ಸ್‌ಗಳು ಗಡಿಯಾರ ಬಿಟ್ಟು ಚಾನೆಲ್ ಕಳಿಸೋ "ಈಗ ಯಾವುದು, ಮುಂದೆ ಯಾವುದು" ಅನ್ನೋ ಮಾಹಿತಿ ನೋಡಿಕೊಂಡು ಶುರು ಮಾಡಿ ನಿಲ್ಲಿಸುತ್ತವೆ. ಚೆನ್ನಾಗಿದೆ, ಆದರೆ ಚಾನೆಲ್‌ನವರು ಅದನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕಲ್ವಾ? ನಾನು ಹೆಚ್ಚುವರಿ ನಿಮಿಷಗಳನ್ನೇ ನಂಬುತ್ತೇನೆ.

ತಮಾಷೆ ಏನೆಂದರೆ ಈ ಮದ್ದು ಇನ್ನೊಂದು ರೋಗ ಜಾಸ್ತಿ ಮಾಡಿತು. 9ರಿಂದ 9:30ರವರೆಗೆ ಒಂದು ಚಾನೆಲ್, 9:30ರಿಂದ 10ರವರೆಗೆ ಇನ್ನೊಂದು ಚಾನೆಲ್. ಕಾಗದದ ಮೇಲೆ ಇವೆರಡೂ ಅಡ್ಡ ಬರೋದಿಲ್ಲ. ಆದರೆ ಮೊದಲನೆಯದು 9:40ರವರೆಗೆ ಓಡುತ್ತಿದ್ದರೆ, ಎರಡನೆಯದು 9:28ಕ್ಕೇ ಶುರುವಾಗಬೇಕಿದ್ದರೆ, 12 ನಿಮಿಷ ಇಬ್ಬರಿಗೂ ಟ್ಯೂನರ್, ಅಂದರೆ ಬಾಕ್ಸ್ ಒಳಗೆ ಚಾನೆಲ್ ಹಿಡಿಯೋ ಭಾಗ, ಬೇಕು. ನಮ್ಮಲ್ಲಿದ್ದದ್ದು ಒಂದೇ. ಗಲಾಟೆ ಇರುವುದು ಜಾಗದ್ದಲ್ಲ, ಟ್ಯೂನರ್‌ದು ಅಂತ ನನಗೆ ಹೊಳೆದದ್ದು ಇಲ್ಲಿ.

ನೋಟ್‌ಬುಕ್‌ನಲ್ಲಿ ಒಂದು ವಿಚಿತ್ರವೂ ಸಿಕ್ಕಿತು. ಒಂದು ಚಾನೆಲ್ ರೆಕಾರ್ಡ್ ಆಗುತ್ತಿರುವಾಗ ಕೆಲವು ಚಾನೆಲ್ ನೋಡಬಹುದಿತ್ತು, ಕೆಲವು ಆಗುತ್ತಿರಲಿಲ್ಲ. ಒಂದೇ ಟ್ಯೂನರ್ ಇದ್ದರೆ ಯಾವುದೂ ಆಗಬಾರದು ಅಲ್ವಾ? ಚಾನೆಲ್ ಮಾಹಿತಿಯ ಪುಟ ತೆರೆದು ಫ್ರೀಕ್ವೆನ್ಸಿ ನೋಡಿದೆ. ನೋಡಲು ಬಿಡುತ್ತಿದ್ದ ಚಾನೆಲ್‌ಗಳ ಫ್ರೀಕ್ವೆನ್ಸಿ, ರೆಕಾರ್ಡ್ ಆಗುತ್ತಿದ್ದುದರ ಫ್ರೀಕ್ವೆನ್ಸಿ ಎರಡೂ ಒಂದೇ! ಸ್ಯಾಟಲೈಟ್‌ನ ಒಂದು ಟ್ರಾನ್ಸ್‌ಪಾಂಡರ್, ಅಂದರೆ ಸಿಗ್ನಲ್ ಕೆಳಗೆ ಕಳಿಸೋ ಉಪಕರಣ, ಒಂದು ಚಾನೆಲ್ಲನ್ನಲ್ಲ, ಚಾನೆಲ್‌ಗಳ ಒಂದು ಕಟ್ಟನ್ನೇ ಕಳಿಸುತ್ತದೆ. ಸ್ಯಾಟಲೈಟ್ ಟಿವಿಯ ಹಳೇ ಪದ್ಧತಿಯಾದ ಡಿವಿಬಿ-ಎಸ್ ಲೆಕ್ಕದಲ್ಲೇ ಒಂದು ಕಟ್ಟಿಗೆ ಸುಮಾರು 38 ಎಂಬಿಪಿಎಸ್ ಹಿಡಿಯುತ್ತಿತ್ತು, ಆಮೇಲೆ ಬಂದ ಡಿವಿಬಿ-ಎಸ್2ನಲ್ಲಿ ಅದಕ್ಕಿಂತ ಜಾಸ್ತಿ. ಟ್ಯೂನರ್ ಆ ಇಡೀ ಕಟ್ಟನ್ನು ಹಿಡಿಯುತ್ತದೆ, ಬಾಕ್ಸ್ ಅದರಿಂದ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಹೀಗಾಗಿ ಒಂದೇ ಕಟ್ಟಿನ ಎರಡು ಚಾನೆಲ್ ಒಟ್ಟಿಗೆ ಬೇಕಾದರೂ ಒಂದು ಟ್ಯೂನರ್ ಸಾಕು, ಬಾಕ್ಸ್ ಅದಕ್ಕೆ ಅವಕಾಶ ಕೊಟ್ಟರೆ. ಮನೆಯಲ್ಲಿ ಜಾಸ್ತಿ ನೋಡೋ 14 ಚಾನೆಲ್ ಯಾವ ಯಾವ ಕಟ್ಟಿನಲ್ಲಿವೆ ಅಂತ ಬರೆದು ಟಿವಿ ಹಿಂದೆ ಅಂಟಿಸಿದೆ. ಖರ್ಚಿಲ್ಲದೆ ಗಲಾಟೆ ಅರ್ಧ ಕಡಿಮೆ ಆಯಿತು. ಒಂದೇ ಎಚ್ಚರಿಕೆ, ಚಾನೆಲ್‌ಗಳು ಆಗಾಗ ಕಟ್ಟು ಬದಲಾಯಿಸುತ್ತವೆ, ಹಾಗಾಗಿ ಪೆನ್ಸಿಲ್‌ನಲ್ಲಿ ಬರೆಯಿರಿ.

ಉಳಿದರ್ಧಕ್ಕೆ ಎರಡು ಟ್ಯೂನರ್‌ನ ಬಾಕ್ಸ್ ತರಿಸಿದೆ. ಹಾಕಲು ಬಂದ ಹುಡುಗ ಡಿಶ್‌ನಿಂದ ಬರೋ ಕೇಬಲ್‌ಗೆ ಒಂದನ್ನು ಎರಡು ಮಾಡೋ ಸಾದಾ ಸ್ಪ್ಲಿಟರ್ ಹಾಕಿ "ಆಯ್ತು ಸಾರ್" ಅಂತ ಹೊರಟ. ಆಗಿರಲಿಲ್ಲ. ಒಂದು ಚಾನೆಲ್ ಬಂದರೆ ಇನ್ನೊಂದು ಹೋಗುತ್ತಿತ್ತು. ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯೋ ಪುಟ್ಟ ಡಬ್ಬಿಗೆ, ಅಂದರೆ ಎಲ್‌ಎನ್‌ಬಿಗೆ, ತನಗೆ ಏನು ಬೇಕು ಅಂತ ಟ್ಯೂನರ್ ಹೇಳೋದು ಅದೇ ಕೇಬಲ್‌ನಲ್ಲಿ. 13 ವೋಲ್ಟ್ ಕಳಿಸಿದರೆ ಒಂದು ಪೋಲರೈಸೇಷನ್ (ಅಲೆ ಆಡೋ ದಿಕ್ಕು), 18 ಕಳಿಸಿದರೆ ಇನ್ನೊಂದು. ಅದರ ಜೊತೆ 22 ಕಿಲೋಹರ್ಟ್ಸ್ ಟೋನ್ ಇದ್ದರೆ ಮೇಲಿನ ಬ್ಯಾಂಡ್ (ಫ್ರೀಕ್ವೆನ್ಸಿಗಳ ಪಟ್ಟೆ), ಇಲ್ಲದಿದ್ದರೆ ಕೆಳಗಿನದು. ಒಟ್ಟು ನಾಲ್ಕು ಗುಂಪು, ಒಂದು ಕೇಬಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಗುಂಪು. ಸ್ಪ್ಲಿಟರ್ ಹಾಕಿದರೆ ಎರಡು ಟ್ಯೂನರ್ ಒಂದೇ ಹಗ್ಗವನ್ನು ಎರಡು ಕಡೆ ಎಳೆದ ಹಾಗೆ.

ಸರಿಯಾದ ದಾರಿ ಎರಡು ಔಟ್‌ಪುಟ್‌ನ ಎಲ್‌ಎನ್‌ಬಿ ಹಾಕಿ ಎರಡನೇ ಕೇಬಲ್ ಎಳೆಯೋದು. ನಮ್ಮ ಗೋಡೆಯ ಪೈಪ್‌ನಲ್ಲಿ ಇನ್ನೊಂದು ಕೇಬಲ್ ಹೋಗೋ ಜಾಗ ಇರಲಿಲ್ಲ. ಹಾಗಾಗಿ ಯೂನಿಕೇಬಲ್ ಎಲ್‌ಎನ್‌ಬಿ ಹಾಕಿಸಿದೆ. ಇದರಲ್ಲಿ ಪ್ರತಿ ಟ್ಯೂನರ್‌ಗೂ ಕೇಬಲ್ ಒಳಗೇ ಬೇರೆ ಬೇರೆ ಫ್ರೀಕ್ವೆನ್ಸಿಯ ಓಣಿ ಇರುತ್ತದೆ. ಇದರ ಹಳೇ ಮಾನದಂಡ, ಇಎನ್ 50494, 8 ಟ್ಯೂನರ್‌ವರೆಗೆ ಒಂದೇ ಕೇಬಲ್‌ನಲ್ಲಿ ಬಿಡುತ್ತದೆ, ಆಮೇಲೆ ಬಂದ ಇಎನ್ 50607 ಆದರೆ 32. ಬಾಕ್ಸ್ ಇದನ್ನು ಒಪ್ಪುತ್ತದಾ ಅಂತ ಚಂದಾ ಕೊಟ್ಟವರನ್ನು ಮೊದಲೇ ಕೇಳಿ, ಎಲ್ಲ ಬಾಕ್ಸ್‌ಗೂ ಆಗಲ್ಲ. ಆಮೇಲೆ ಸೆಟ್ಟಿಂಗ್‌ನಲ್ಲಿ ಎರಡು ಟ್ಯೂನರ್‌ಗೂ ಬೇರೆ ಬೇರೆ ನಂಬರ್ ಕೊಡಬೇಕು. ನಾನು ಎರಡಕ್ಕೂ 1 ಅಂತಲೇ ಕೊಟ್ಟು ಒಂದು ಸಂಜೆಯೆಲ್ಲ ಕೇಬಲ್ ಬಿಚ್ಚಿ ಹಾಕಿ ಮಾಡಿದೆ. ಎರಡನೆಯದಕ್ಕೆ 2 ಅಂತ ಬದಲಾಯಿಸಿದ ಕೂಡಲೇ ಸರಿಹೋಯಿತು.

ಮಳೆ ಬಗ್ಗೆ ಹೇಳೋದು ಕಡಿಮೆ. ಮನೆಯ ಡಿಶ್‌ಗೆ ಬರೋ ಕೆಯು ಬ್ಯಾಂಡ್ ಸಿಗ್ನಲ್ ಜೋರು ಮಳೆಯಲ್ಲಿ ಬೀಳುತ್ತದೆ, ಪೂರ್ತಿ ತಪ್ಪಿಸೋಕೆ ಆಗಲ್ಲ. ಆದರೆ ಬಿಸಿಲಿನ ದಿನ ಸಿಗ್ನಲ್ ಎಷ್ಟು ಗಟ್ಟಿ ಇದೆಯೋ ಅಷ್ಟು ಮಳೆ ತಡೆದುಕೊಳ್ಳುತ್ತದೆ. ಎಲ್‌ಎನ್‌ಬಿ ಬದಲಾಯಿಸುವಾಗ ನೋಡಿದರೆ ಹಳೇ ಕನೆಕ್ಟರ್ ಒಳಗೆ ಹಸಿರು ತುಕ್ಕು. ಅದನ್ನು ಕತ್ತರಿಸಿ ಹೊಸದು ಹಾಕಿ, ನೀರು ಹೋಗದ ಟೇಪ್ ಸುತ್ತಿದೆ. ಬಾಕ್ಸ್‌ನ ಸಿಗ್ನಲ್ ಪುಟದಲ್ಲಿ ಶಕ್ತಿ ತೋರಿಸೋ ಗೆರೆ ಇದ್ದ ಹಾಗೇ ಇತ್ತು, ಗುಣಮಟ್ಟ ತೋರಿಸೋ ಗೆರೆ ಮಾತ್ರ ಏರಿತು. ನೋಡಬೇಕಾದದ್ದು ಅದನ್ನೇ.

ಆ ಒಂದೇ ಒಂದು ಡಿಸ್ಕ್ ದೋಷ ಏನಂದರೆ, ನಡುವೆಯೇ ಡಿಸ್ಕ್ ಕಾಣದಂತಾಗಿ ರೆಕಾರ್ಡಿಂಗ್ ನಿಂತಿತ್ತು. ಯುಎಸ್‌ಬಿ 2.0 ಕೊಡೋದು 500 ಮಿಲಿಆಂಪ್, ಡಿಸ್ಕ್ ತಿರುಗಲು ಶುರು ಮಾಡುವಾಗ ಅದಕ್ಕಿಂತ ಜಾಸ್ತಿ ಕೇಳಬಹುದು. ಸ್ವಂತ ಅಡಾಪ್ಟರ್ ಇರೋ ಯುಎಸ್‌ಬಿ ಹಬ್ ನಡುವೆ ಹಾಕಿದೆ, ಮತ್ತೆ ಆಗಿಲ್ಲ.

ಇನ್ನು ಆನ್ ಡಿಮ್ಯಾಂಡ್, ಅಂದರೆ ಬೇಕಾದಾಗ ಮೆನುವಿನಿಂದ ಆರಿಸಿ ನೋಡೋದು. ಇದರಲ್ಲಿ ನಾನು ಬಹಳ ದಿನ ಗೊಂದಲದಲ್ಲಿದ್ದೆ. ಸ್ಯಾಟಲೈಟ್ ಒಂದೇ ದಿಕ್ಕಿನ ದಾರಿ. ಅದು ಎಲ್ಲರಿಗೂ ಒಂದನ್ನೇ ಸುರಿಯುತ್ತದೆ, ನನಗೆ ಈಗ ಈ ಸಿನಿಮಾ ಬೇಕು ಅಂತ ಡಿಶ್ ಮೂಲಕ ಮೇಲಕ್ಕೆ ಹೇಳೋಕೆ ಆಗೋದಿಲ್ಲ. ಹಾಗಾದರೆ ಮೆನುವಿನಲ್ಲಿ ಆ ಸಿನಿಮಾಗಳು ಎಲ್ಲಿಂದ ಬರುತ್ತವೆ? ಎರಡು ಕಡೆಯಿಂದ. ಕೆಲವನ್ನು ಕಂಪನಿಯವರು ರಾತ್ರಿ ಹೊತ್ತು ಸ್ಯಾಟಲೈಟ್‌ನಲ್ಲೇ ಕಳಿಸಿ ಬಾಕ್ಸ್‌ನ ಡಿಸ್ಕ್‌ನಲ್ಲಿ ಮೊದಲೇ ತುಂಬಿಸಿಟ್ಟಿರುತ್ತಾರೆ, ಅದಕ್ಕೆ ಒಂದಷ್ಟು ಜಾಗ ಕಾಯ್ದಿಟ್ಟಿರುತ್ತಾರೆ. ಡಿಸ್ಕ್ ಬಾಕ್ಸ್ ಒಳಗೇ ಇರೋ ಮಾದರಿಗಳಲ್ಲಿ ಹೇಳಿದ್ದಕ್ಕಿಂತ ಕಡಿಮೆ ಜಾಗ ತೋರಿಸೋದಕ್ಕೆ ಇದೂ ಒಂದು ಕಾರಣ. ಉಳಿದದ್ದೆಲ್ಲ ಮನೆಯ ಇಂಟರ್‌ನೆಟ್‌ನಿಂದ. ಎರಡೂ ಒಂದೇ ಪಟ್ಟಿಯಲ್ಲಿ ಕಾಣುತ್ತವೆ. ಒಂದು ಸಿನಿಮಾ ಒತ್ತಿದ ಕೂಡಲೇ ಶುರುವಾಗಿ ಇನ್ನೊಂದು ಚಕ್ರ ತಿರುಗಿಸುತ್ತಾ ಕೂತರೆ ನಾನು ಸುಮ್ನೆ ಬಾಕ್ಸ್ ಬೈಯುತ್ತಿದ್ದೆ.

ಬೈಯಬೇಕಾದದ್ದು ವೈಫೈಯನ್ನು. ಬಾಕ್ಸ್ ಇದ್ದದ್ದು ಟಿವಿ ಹಿಂದೆ, ಎರಡು ಗೋಡೆ ಆಚೆ ರೂಟರ್, ಅದೂ 2.4 ಗಿಗಾಹರ್ಟ್ಸ್‌ನಲ್ಲಿ. ಗೋಡೆ ಅಂಚಿನಲ್ಲಿ 15 ಮೀಟರ್ ಚಪ್ಪಟೆ ನೆಟ್‌ವರ್ಕ್ ಕೇಬಲ್ ಎಳೆದೆ. ಚಕ್ರ ತಿರುಗೋದು ಅವತ್ತೇ ನಿಂತಿತು. ಬಾಕ್ಸ್‌ನ ಪೋರ್ಟ್ 100 ಎಂಬಿಪಿಎಸ್‌ದು ಅಂತ ಬೇಜಾರಾಗಬೇಡಿ, 4ಕೆ ಸ್ಟ್ರೀಮ್‌ಗೂ ಸಾಮಾನ್ಯವಾಗಿ 25 ಸಾಕು. ದೊಡ್ಡ ಸಿನಿಮಾ ಆದರೆ ರಾತ್ರಿಯೇ ಡೌನ್‌ಲೋಡ್‌ಗೆ ಹಾಕಿಟ್ಟರೆ ಮರುದಿನ ಇನ್ನೂ ಆರಾಮ.

ಆದರೆ ಅಮ್ಮನ ತೊಂದರೆ ಕಡಿಮೆ ಮಾಡಿದ್ದು ಕೇಬಲ್ಲೂ ಅಲ್ಲ, ಎಲ್‌ಎನ್‌ಬಿಯೂ ಅಲ್ಲ. ಒಂದು ಭಾನುವಾರ ಕೂತು ರೆಕಾರ್ಡಿಂಗ್ ಪಟ್ಟಿಯನ್ನೇ ಅರ್ಧ ಅಳಿಸಿದೆ. ಆನ್ ಡಿಮ್ಯಾಂಡ್‌ನಲ್ಲಿ ಹೇಗೂ ಸಿಗೋ ಸಿನಿಮಾಗಳನ್ನು ರೆಕಾರ್ಡ್ ಮಾಡಿ ಟ್ಯೂನರ್ ಯಾಕೆ ಹಿಡಿದಿಡಬೇಕು? ನೇರ ಪ್ರಸಾರ, ಪ್ರಸಾರವಾದ ಮೇಲೂ ನೋಡಲು ಬಿಡೋ ಕ್ಯಾಚ್‌ಅಪ್‌ಗೆ ಬರದ ಚಾನೆಲ್, ಬಂದರೂ ಕೆಲವೇ ದಿನಕ್ಕೆ ಮಾಯವಾಗೋ ಧಾರಾವಾಹಿ, ಇಷ್ಟನ್ನೇ ರೆಕಾರ್ಡಿಂಗ್‌ಗೆ ಉಳಿಸಿದೆ. ಧಾರಾವಾಹಿಗೆ "ಹೊಸ ಕಂತು ಮಾತ್ರ" ಅಂತ ಇಟ್ಟೆ, ಇಲ್ಲದಿದ್ದರೆ ಮಧ್ಯಾಹ್ನದ ಮರುಪ್ರಸಾರವನ್ನೂ ಹಿಡಿದುಕೊಂಡು ಕೂರುತ್ತಿತ್ತು. ಇನ್ನೂ ಎಲ್ಲಾದರೂ ಸಮಯ ಅಡ್ಡ ಬಂದರೆ ಒಂದನ್ನು ಕೈಯಾರೆ ಆ ಮರುಪ್ರಸಾರಕ್ಕೆ ತಳ್ಳುತ್ತೇನೆ. ಎರಡು ಟ್ಯೂನರ್ ರೆಕಾರ್ಡಿಂಗ್‌ನಲ್ಲಿ ಮುಳುಗಿರುವಾಗ ಹಿಂದೆ ರೆಕಾರ್ಡ್ ಆದದ್ದನ್ನು ನೋಡೋದಕ್ಕೆ ಅಡ್ಡಿ ಇಲ್ಲ, ಡಿಸ್ಕ್‌ನಿಂದ ಓದೋದಕ್ಕೆ ಟ್ಯೂನರ್ ಬೇಡ. ಅಪ್ಪನಿಗೆ ಇದು ಒಪ್ಪಿಸೋಕೆ ಮಾತ್ರ ಸ್ವಲ್ಪ ದಿನ ಹಿಡಿಯಿತು.

ಲೈವ್ ಟಿವಿ ನಿಲ್ಲಿಸಿ ಮುಂದುವರಿಸೋದರ ಬಗ್ಗೆ ಒಂದು ಮಾತು. ಟಿವೋ, ರೀಪ್ಲೇಟಿವಿ ಅನ್ನೋ ರೆಕಾರ್ಡರ್‌ಗಳು 1999ರಲ್ಲಿ ಇದನ್ನು ಮನೆಗಳಿಗೆ ತಂದಾಗ ದೊಡ್ಡ ಸುದ್ದಿ, ಈಗ ಯಾರೂ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಆದರೆ ಅದು ತಾತ್ಕಾಲಿಕ ಜಾಗ. ನಿಲ್ಲಿಸಿಟ್ಟು ನಡುವೆ ಚಾನೆಲ್ ಬದಲಾಯಿಸಿ ವಾಪಸ್ ಬಂದರೆ ಸಾಮಾನ್ಯವಾಗಿ ಇರೋದಿಲ್ಲ. ಅಮ್ಮ ಎರಡು ಸಲ ಹೀಗೆ ಕಳೆದುಕೊಂಡಳು. ನಮ್ಮ ಬಾಕ್ಸ್‌ನಲ್ಲಿ ನಿಲ್ಲಿಸಿದ ಮೇಲೆ ರೆಕಾರ್ಡ್ ಬಟನ್ ಒತ್ತಿದರೆ ಹಿಂದಿನದೂ ಸೇರಿ ಉಳಿಯುತ್ತದೆ, ನಿಮ್ಮದರಲ್ಲೂ ಒತ್ತಿ ನೋಡಿ.

ಈಗ ನೋಟ್‌ಬುಕ್‌ನಲ್ಲಿ ತಿಂಗಳಿಗೆ ಒಂದೋ ಎರಡೋ ಸಾಲು ಬೀಳುತ್ತದೆ, ಜಾಸ್ತಿ ಮಳೆಯದ್ದೇ. ಬಗೆಹರಿಯದೆ ಉಳಿದದ್ದು ಒಂದು. ಬಾಕ್ಸ್ ಕೆಟ್ಟು ಬದಲಾಯಿಸಿದರೆ ಡಿಸ್ಕ್‌ನಲ್ಲಿರೋದೆಲ್ಲ ಹೋಗುತ್ತದೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. "ಉಳಿಸಿಟ್ಟಿರೋದನ್ನ ಬೇಗ ನೋಡಿಬಿಡಮ್ಮ" ಅಂತ ಹೇಳಿದ್ದೇನೆ. ಅವಳು ಇನ್ನೂ ಹೋದ ತಿಂಗಳ ಕಂತಿನಲ್ಲಿದ್ದಾಳೆ.